ಹುಟ್ಟದ ಮಕ್ಕಳ ತಲೆ ಮೇಲೆ ಸಾಲ

ಪ್ರಶ್ನೆ: ಮೇಡಂ, ಸರ್ಕಾರದ ಒಟ್ಟು ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ, ‘ಇವತ್ತು ಹುಟ್ಟಿದ ಪ್ರತಿ ಮಗುವಿನ ತಲೆ ಮೇಲೂ ಇಷ್ಟು ಸಾಲ’ ಅಂತ ಬರೆಯುತ್ತಾರಲ್ಲ, ಅದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. ಮನೆಯಲ್ಲಿ ಎಂಟು ತಿಂಗಳ ಮಗಳಿದ್ದಾಳೆ. ನನ್ನ ಭಾವ ಬ್ಯಾಂಕಿನಲ್ಲಿದ್ದಾರೆ. ಅವರು ‘ಅದೆಲ್ಲ ಸುಮ್ನೆ ಹೆದರಿಸೋ ಮಾತು. ಸಾಲ ಕೊಟ್ಟವರೂ ನಾವೇ, ತೀರಿಸುವವರೂ ನಾವೇ’ ಅಂತ ನಗುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಭಾವ ಹೇಳಿದ್ದನ್ನೇ ನಾನೂ ಹದಿನೈದು ವರ್ಷ ತರಗತಿಯಲ್ಲಿ ಹೇಳಿದೆ. ಆಮೇಲೆ ಕೊನೇ ಬೆಂಚಿನ ಹುಡುಗನೊಬ್ಬ ನನ್ನ ಬಾಯಿ ಕಟ್ಟಿಸಿದ. ಆ ಕತೆಗೆ ಬರುತ್ತೇನೆ. ಅದಕ್ಕೆ ಮುಂಚೆ ಭಾವನ ಪರ ವಕಾಲತ್ತು ವಹಿಸಬೇಕು, ಯಾಕೆಂದರೆ ಅವರದು ಪೊಳ್ಳು ವಾದವಲ್ಲ.

ತಲೆ ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ. ಅದು ಅರ್ಧ ಲೆಕ್ಕ. ಸರ್ಕಾರ ಸಾಲ ಎತ್ತುವುದು ಬಾಂಡ್ ಮಾರಿ, ಅಂದರೆ ‘ಇಷ್ಟು ಹಣವನ್ನು ಬಡ್ಡಿ ಸಮೇತ ವಾಪಸ್ ಕೊಡುತ್ತೇವೆ’ ಅನ್ನುವ ಪತ್ರ ಮಾರಿ. ಸರ್ಕಾರಕ್ಕೆ ಸಾಲವಾಗಿರುವ ಅದೇ ಬಾಂಡ್ ಇನ್ಯಾರಿಗೋ ಆಸ್ತಿ. ಬ್ಯಾಂಕು, ವಿಮಾ ಕಂಪನಿ, ಪಿಂಚಣಿ ನಿಧಿ, ಉಳಿತಾಯ ಮಾಡಿದ ಜನ, ಹೀಗೆ ಯಾರದೋ ಕೈಯಲ್ಲಿರುತ್ತದೆ. ಮಗುವಿನ ತಲೆಗೆ ಸಾಲ ಹಂಚುವವರು ಬಾಂಡನ್ನೂ ಹಂಚಬೇಕಲ್ಲ? ಅದನ್ನು ಹಂಚುವುದಿಲ್ಲ. ಹಂಚಿದರೆ ಸುದ್ದಿಯೇ ಇರುವುದಿಲ್ಲ.

ಈ ಮಾತು ಹೊಸದೇನಲ್ಲ. 1734ರಲ್ಲೇ ಫ್ರಾನ್ಸಿನ ಜಾನ್ ಫ್ರಾಂಸ್ವಾ ಮೆಲೋ ಎಂಬಾತ, ದೇಶದ ಸಾಲವೆಂದರೆ ಬಲಗೈ ಎಡಗೈಗೆ ಕೊಡಬೇಕಾದ ಸಾಲ ಎಂದಿದ್ದ. 1940ರ ದಶಕದಲ್ಲಿ ಅಬ್ಬಾ ಲರ್ನರ್ ಎಂಬ ಅರ್ಥಶಾಸ್ತ್ರಜ್ಞ ಇದನ್ನೇ ಗಟ್ಟಿಯಾಗಿ ವಾದಿಸಿದರು. ಯುದ್ಧದ ಉದಾಹರಣೆ ತಗೊಳ್ಳಿ. 1943ರಲ್ಲಿ ಹಾರಿಸುವ ಗುಂಡಿಗೆ 1943ರ ಉಕ್ಕೇ ಬೇಕು, 1943ರಲ್ಲಿ ಬದುಕಿರುವ ಕೆಲಸಗಾರರೇ ಬೇಕು. 1980ರ ಉಕ್ಕನ್ನು ಹಿಂದಕ್ಕೆ ತರುವ ಯಂತ್ರ ಯಾರ ಹತ್ತಿರವೂ ಇಲ್ಲ. ಅಂದಮೇಲೆ ಯುದ್ಧದ ಭಾರ ಹೊತ್ತವರು ಆಗಿನವರೇ. ಸರ್ಕಾರ ತೆರಿಗೆ ಹಾಕಿದರೂ ಅಷ್ಟೇ, ಸಾಲ ಮಾಡಿದರೂ ಅಷ್ಟೇ. 1980ರಲ್ಲಿ ಬಡ್ಡಿ ಕಟ್ಟುವವರು 1980ರವರು, ಬಡ್ಡಿ ಪಡೆಯುವವರೂ 1980ರವರೇ. ಒಟ್ಟು ದೇಶಕ್ಕೆ ನಷ್ಟವೆಲ್ಲಿ?

ಎಷ್ಟು ಚೊಕ್ಕ ವಾದ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಎರಡು ಕೈಗಳ ಚಿತ್ರ ಬರೆದು, ಮಧ್ಯೆ ಬಾಣ ಹಾಕಿ, ‘ಮುಂದಿನ ಪಾಠ’ ಅಂದುಬಿಡುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗ ಎದ್ದು ನಿಂತ. ವರ್ಷವೆಲ್ಲ ಬಾಯಿ ಬಿಡದವನು. ‘ಮೇಡಂ, ಆ ಬಾಂಡ್ ಕೊಂಡವನಿಗೆ ವಯಸ್ಸಾದ ಮೇಲೆ ಅದನ್ನು ಯಾರಿಗೆ ಮಾರಿದ?’ ಅಂತ ಕೇಳಿದ.

‘ಕಿರಿಯರಿಗೆ ಮಾರಿರಬೇಕು’ ಅಂದೆ.

‘ಆ ಕಿರಿಯನ ಕಾಲದಲ್ಲಿ ಸರ್ಕಾರ ತೆರಿಗೆ ಹಾಕಿ ಸಾಲ ತೀರಿಸಿದರೆ?’

ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ‘ನಾಳೆ ಹೇಳ್ತೀನಿ’ ಅಂದು ಗಂಟೆ ಹೊಡೆಯುವ ಮುಂಚೆಯೇ ಹೊರಗೆ ಬಂದೆ. ಆ ರಾತ್ರಿ ಮನೆಯಲ್ಲಿ ಕೂತು ಮಾಡಿದ ಲೆಕ್ಕವನ್ನು ನಿಮಗೂ ಒಪ್ಪಿಸುತ್ತೇನೆ. ನಾನೇ ಕಂಡುಹಿಡಿದದ್ದು ಅಂದುಕೊಂಡು ಒಂದೆರಡು ದಿನ ಬೀಗಿದ್ದೆ. ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1958ರಲ್ಲೇ ಈ ಥರದ ಲೆಕ್ಕಕ್ಕೆ ದಾರಿ ಮಾಡಿಕೊಟ್ಟಿದ್ದರು ಅಂತ ಆಮೇಲೆ ತಿಳಿಯಿತು. ಕೆನಡಾದ ನಿಕ್ ರೋ ಇದನ್ನೇ ಸೇಬುಗಳನ್ನಿಟ್ಟುಕೊಂಡು ವಿವರಿಸಿದ್ದಾರೆ.

ಒಂದು ದ್ವೀಪ. ಯಾವ ಹೊತ್ತಿಗೂ ಅಲ್ಲಿ ಇಬ್ಬರೇ ಇರುತ್ತಾರೆ, ಒಬ್ಬಳು ಹಿರಿಯಳು, ಒಬ್ಬಳು ಕಿರಿಯಳು. ಪ್ರತಿಯೊಬ್ಬಳೂ ಎರಡು ಋತು ಬದುಕುತ್ತಾಳೆ, ಮೊದಲ ಋತುವಿನಲ್ಲಿ ಕಿರಿಯಳಾಗಿ, ಎರಡನೆಯದರಲ್ಲಿ ಹಿರಿಯಳಾಗಿ. ಒಂದೊಂದು ಋತುವಿಗೂ ತಲಾ 100 ಬುಟ್ಟಿ ಹಣ್ಣು ಕೀಳುತ್ತಾರೆ. ಹಣ್ಣು ಇಟ್ಟರೆ ಕೊಳೆಯುತ್ತದೆ, ಆಯಾ ಋತುವಿನಲ್ಲೇ ತಿನ್ನಬೇಕು. ಇವರನ್ನು ಅಜ್ಜಿ, ಅಮ್ಮ, ಮಗಳು ಅಂತ ಕರೆಯೋಣ. ಸದ್ಯಕ್ಕೆ ಸಂಬಂಧ ಮರೆತುಬಿಡಿ, ವಯಸ್ಸು ಗುರುತಿಸಲು ಮಾತ್ರ ಈ ಹೆಸರು.

ಮೊದಲ ಋತು. ಸರ್ಕಾರ ಕಿರಿಯಳಾದ ಅಮ್ಮನಿಂದ 10 ಬುಟ್ಟಿ ಸಾಲ ಪಡೆದು ಒಂದು ಕಾಗದ ಬರೆದುಕೊಡುತ್ತದೆ. ಆ 10 ಬುಟ್ಟಿಯನ್ನು ಅಜ್ಜಿಗೆ ಕೊಡುತ್ತದೆ. ಅಜ್ಜಿ 110 ತಿಂದಳು, ಅಮ್ಮ 90 ತಿಂದಳು. ಒಟ್ಟು 200.

ಎರಡನೇ ಋತು. ಅಜ್ಜಿ ಹೋದಳು, ಅಮ್ಮನಿಗೆ ವಯಸ್ಸಾಯಿತು, ಮಗಳು ಬಂದಳು. ಅಮ್ಮ ಆ ಕಾಗದವನ್ನು ಮಗಳಿಗೆ 10 ಬುಟ್ಟಿಗೆ ಮಾರುತ್ತಾಳೆ. ಅಮ್ಮ 110, ಮಗಳು 90. ಒಟ್ಟು ಮತ್ತೆ 200.

ಮೂರನೇ ಋತು. ಈಗ ಮಗಳು ಹಿರಿಯಳು, ಕಾಗದ ಅವಳ ಹತ್ತಿರ ಇದೆ. ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಶಿಸ್ತು ಬರುತ್ತದೆ, ಸಾಲ ತೀರಿಸೋಣ ಅನ್ನುತ್ತದೆ. ಹಿರಿಯರ ಮೇಲೆ 10 ಬುಟ್ಟಿ ತೆರಿಗೆ ಹಾಕುತ್ತದೆ. ಮಗಳಿಂದ 10 ಕಿತ್ತುಕೊಂಡು, ಕಾಗದ ವಾಪಸ್ ಪಡೆದು, ಅದೇ 10 ಬುಟ್ಟಿಯನ್ನು ಅವಳಿಗೇ ಕೊಡುತ್ತದೆ. ಅವಳು 100 ತಿಂದಳು, ಹೊಸದಾಗಿ ಬಂದ ಕಿರಿಯಳೂ 100 ತಿಂದಳು. ಒಟ್ಟು 200.

ಈಗ ಅಡ್ಡಡ್ಡ, ಅಂದರೆ ಋತುವಾರು, ಕೂಡುವ ಬದಲು ಉದ್ದುದ್ದ, ಅಂದರೆ ಒಬ್ಬೊಬ್ಬಳ ಜೀವಮಾನಕ್ಕೆ, ಕೂಡಿ. ಅಜ್ಜಿಗೆ 10 ಬುಟ್ಟಿ ಲಾಭ. ಅಮ್ಮ 90 ಮತ್ತು 110, ಜೀವಮಾನಕ್ಕೆ 200, ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಗಳು 90 ಮತ್ತು 100, ಬರೀ 190. ಅಜ್ಜಿ ತಿಂದ 10 ಬುಟ್ಟಿಯ ಲೆಕ್ಕ ಮಗಳು ಕಟ್ಟಿದಳು. ಅಜ್ಜಿ ತೀರಿಕೊಂಡಾಗ ಮಗಳು ಇನ್ನೂ ಹುಟ್ಟಿರಲಿಲ್ಲ! ಯಾವ ಋತುವಿನಲ್ಲೂ ಒಂದು ಹಣ್ಣೂ ಕಡಿಮೆಯಾಗಲಿಲ್ಲ, ಕಾಲವನ್ನು ಹಿಂದಕ್ಕೆ ಓಡಿಸುವ ಯಂತ್ರವೂ ಬೇಕಾಗಲಿಲ್ಲ. ಒಂದು ಕಾಗದ ಕೈಯಿಂದ ಕೈಗೆ ಹೋಯಿತು, ಅಷ್ಟೆ.

ಲರ್ನರ್ ಸುಳ್ಳು ಹೇಳಿದರಾ? ಇಲ್ಲ. ಅವರು ‘ಪೀಳಿಗೆ’ ಅಂದಾಗ ಒಂದು ಕಾಲದಲ್ಲಿ ಬದುಕಿರುವ ಎಲ್ಲರನ್ನೂ ಸೇರಿಸಿ ಹೇಳುತ್ತಿದ್ದರು. ಹಾಗೆ ನೋಡಿದರೆ ಅವರ ಮಾತು ಖಂಡಿತ ಸರಿ. ನಿಮ್ಮ ಮಗಳ ಬಗ್ಗೆ ಕೇಳುವಾಗ ಮಾತ್ರ ಪೀಳಿಗೆ ಎಂದರೆ ಒಂದೇ ಸುಮಾರಿಗೆ ಹುಟ್ಟಿದವರು, ಹುಟ್ಟಿನಿಂದ ಸಾವಿನವರೆಗೆ. ಹಾಗೆ ನೋಡಿದರೆ ಭಾರ ದಾಟಿಸಲು ಸಾಧ್ಯ. ಅರ್ಥಶಾಸ್ತ್ರಜ್ಞರ ಅರ್ಧ ಜಗಳ ಈ ಒಂದು ಪದದ್ದು. 1960ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್, ಬಜೆಟ್‌ನಲ್ಲಿ ಹಣ ಮಿಕ್ಕರೆ ಅದನ್ನು ಮಿಗತೆ ಅನ್ನುವುದಕ್ಕಿಂತ, ನಮ್ಮ ಮಕ್ಕಳಿಗೆ ಬಂದಿರುವ ಅಡಮಾನ ಅಷ್ಟರಮಟ್ಟಿಗೆ ಕಡಿಮೆಯಾಯಿತು ಅನ್ನೋಣ ಎಂಬರ್ಥದಲ್ಲಿ ಮಾತಾಡಿದರು. ಆ ಕಾಲದ ಪಂಡಿತರಲ್ಲಿ ಬಹಳ ಜನಕ್ಕೆ ಇದು ಪಾಮರರ ಮಾತು ಅನಿಸಿತ್ತು. ಅವರು ಅಷ್ಟೊಂದು ನಗಬಾರದಿತ್ತು.

ಅದಕ್ಕೂ ಎರಡು ವರ್ಷ ಮೊದಲು, 1958ರಲ್ಲಿ, ಅರ್ಥಶಾಸ್ತ್ರಜ್ಞ ಜೇಮ್ಸ್ ಬ್ಯೂಕ್ಯಾನನ್ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿದ್ದರು. ಅವರ ಪ್ರಶ್ನೆ ಸರಳ. ಸಾಲ ಕೊಟ್ಟವನು ಬಾಂಡನ್ನು ಇಷ್ಟಪಟ್ಟು ಕೊಂಡ, ಬಡ್ಡಿ ಬರುತ್ತೆ ಅಂತ ಕೊಂಡ. ಅವನು ತ್ಯಾಗ ಮಾಡಿದ ಅಂತ ಹೇಗೆ ಹೇಳುತ್ತೀರಿ? ಮುಂದೊಂದು ದಿನ ಒಬ್ಬ ತೆರಿಗೆ ಕಟ್ಟುತ್ತಾನೆ. ಅವನನ್ನು ಯಾರೂ ಕೇಳಿರಲಿಲ್ಲ, ಕಟ್ಟಿದ್ದಕ್ಕೆ ಅವನಿಗೆ ಕಾಗದವೂ ಸಿಗುವುದಿಲ್ಲ. ಭಾರ ಹೊತ್ತವನು ಅವನು. ಬ್ಯೂಕ್ಯಾನನ್ ಅವರ ರಾಜಕೀಯ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಈ ಮಾತಿಗೆ ಇವತ್ತಿನವರೆಗೂ ನನಗೆ ಒಳ್ಳೆಯ ಮರುತ್ತರ ಸಿಕ್ಕಿಲ್ಲ.

1961ರಲ್ಲಿ ಫ್ರಾಂಕೊ ಮೊದಿಗ್ಲಿಯಾನಿ ಮೂರನೇ ದಾರಿ ತೋರಿಸಿದರು. ಜನರ ಉಳಿತಾಯವೆಲ್ಲ ಸರ್ಕಾರಿ ಬಾಂಡಿಗೆ ಹೋದರೆ ಕಾರ್ಖಾನೆ, ಯಂತ್ರಗಳಿಗೆ ಹೋಗುವುದು ಕಡಿಮೆಯಾಗುತ್ತದೆ. ಹಾಗಾದರೆ ಮುಂದಿನವರ ಕೈಗೆ ಬರುವ ಯಂತ್ರಗಳೇ ಕಡಿಮೆ, ಸಂಪಾದನೆಯೂ ಕಡಿಮೆ. ನನ್ನ ದ್ವೀಪದ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ, ಅಲ್ಲಿ ಹಣ್ಣನ್ನು ಕೂಡಿಡಲು ಬರುವುದಿಲ್ಲವಲ್ಲ. ನಿಜ ಜಗತ್ತಿನಲ್ಲಿ ಬಹುಶಃ ಇದೇ ದೊಡ್ಡ ದಾರಿ. ಆದರೆ ಜನ ಕೆಲಸವಿಲ್ಲದೆ ಕೂತಿರುವಾಗ, ಕಾರ್ಖಾನೆಗಳು ಬೀಗ ಹಾಕಿರುವಾಗ ಇದು ನಡೆಯುವುದಿಲ್ಲ. ಆಗ ಸರ್ಕಾರ ಸಾಲ ಮಾಡಿ ಕೆಲಸ ಕೊಟ್ಟರೆ ಯಾರ ಯಂತ್ರವೂ ಕಡಿಮೆಯಾಗುವುದಿಲ್ಲ, ಸುಮ್ಮನೆ ಕೂತಿದ್ದ ಯಂತ್ರ ತಿರುಗುತ್ತದೆ. ಸಾಲ ಮಾಡದೆ ಬಿಟ್ಟರೇ ಮಕ್ಕಳಿಗೆ ನಷ್ಟ.

ಹಾಗಾಗಿ ಭಾವನಿಗೆ ಹೇಳಿ: ‘ಒಟ್ಟು ದೇಶಕ್ಕೆ ಸರಿ, ನನ್ನ ಮಗಳಿಗೆ ಸರಿಯೋ ಇಲ್ಲವೋ ಅವಳ ಕಾಲದಲ್ಲಿ ಯಾರ ಮೇಲೆ ತೆರಿಗೆ ಬೀಳುತ್ತೆ ಅನ್ನೋದರ ಮೇಲಿದೆ.’ ತಲೆ ಲೆಕ್ಕ ಬರೆಯುವವರನ್ನು ನಂಬಬೇಡಿ. ಅವರು ಹೇಳುವ ಅಂಕಿ ನಿಮ್ಮ ಮಗಳದ್ದಲ್ಲ.

ಪ್ರಶ್ನೆ: ಕೊನೆಗೊಮ್ಮೆ ಸಾಲ ತೀರಿಸಲೇಬೇಕಲ್ಲವೇ? ಪೂರ್ತಿ ತೀರಿಸಿದ ದೇಶ ಯಾವುದಾದರೂ ಇದೆಯಾ?

ಉತ್ತರ: ಇದೆ. ಅಮೆರಿಕ 1835ರ ಜನವರಿಯಲ್ಲಿ, ಆಂಡ್ರ್ಯೂ ಜಾಕ್ಸನ್ ಅಧ್ಯಕ್ಷರಾಗಿದ್ದಾಗ, ಪೂರ್ತಿ ತೀರಿಸಿತು. ಎರಡು ವರ್ಷದಲ್ಲಿ ಆರ್ಥಿಕ ಕುಸಿತ ಬಂತು, ಮತ್ತೆ ಸಾಲ ಶುರುವಾಯಿತು. ಸಾಲ ತೀರಿಸಿದ್ದಕ್ಕೇ ಕುಸಿತ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಸಾಲವಿಲ್ಲದ ದೇಶ ಎಂಬ ಸ್ಥಿತಿ ಹೆಚ್ಚು ದಿನ ಬಾಳಲಿಲ್ಲ.

ಮನುಷ್ಯ ಸಾಯುತ್ತಾನೆ, ಅದಕ್ಕೇ ಅವನ ಸಾಲ ತೀರಬೇಕು. ಸರ್ಕಾರಕ್ಕೆ ಆ ಅವಸರವಿಲ್ಲ. ಹಳೇ ಬಾಂಡ್ ತೀರಿಸಲು ಹೊಸ ಬಾಂಡ್ ಮಾರುತ್ತದೆ. ನೋಡಬೇಕಾದ್ದು ಸಾಲದ ಮೊತ್ತವನ್ನಲ್ಲ. ಸಾಲ ಜೋರಾಗಿ ಬೆಳೆಯುತ್ತಿದೆಯಾ, ದೇಶದ ಆದಾಯ ಜೋರಾಗಿ ಬೆಳೆಯುತ್ತಿದೆಯಾ, ಇದನ್ನು. ಎರಡನೇ ಮಹಾಯುದ್ಧ ಮುಗಿದಾಗ, 1946ರಲ್ಲಿ, ಅಮೆರಿಕದ ಕೇಂದ್ರ ಸರ್ಕಾರ ಜನರಿಗೂ ಸಂಸ್ಥೆಗಳಿಗೂ ಕೊಡಬೇಕಿದ್ದ ಸಾಲ ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ, ಸುಮಾರು 106% ಇತ್ತು. 1974ರ ಹೊತ್ತಿಗೆ ಅದು ಸುಮಾರು 23%ಕ್ಕೆ ಇಳಿಯಿತು. ಸಾಲ ತೀರಿಸಿದರು ಅಂದುಕೊಂಡಿರಾ? ಡಾಲರ್ ಲೆಕ್ಕದಲ್ಲಿ ಸಾಲ ಸುಮಾರು 24,200 ಕೋಟಿಯಿಂದ ಸುಮಾರು 34,400 ಕೋಟಿಗೆ ಏರಿತ್ತು! ದೇಶ ಸಾಲಕ್ಕಿಂತ ಬೇಗ ಬೆಳೆಯಿತು, ಅಷ್ಟೆ. ಮಗು ಬೆಳೆದಂತೆ ಅಂಗಿ ಚಿಕ್ಕದಾಗಿ ಕಾಣುವುದಿಲ್ಲವೇ, ಹಾಗೆ.

ಆದರೆ ಇಲ್ಲೊಂದು ಮಾತು ಸೇರಿಸಲೇಬೇಕು. ಆ ಸಾಲ ಹೂವೆತ್ತಿದಂತೆ ಕರಗಲಿಲ್ಲ. 1951ರವರೆಗೆ ಅಮೆರಿಕದ ಕೇಂದ್ರ ಬ್ಯಾಂಕ್ ದೀರ್ಘಾವಧಿ ಬಾಂಡ್‌ಗಳ ಬಡ್ಡಿ 2.5% ದಾಟದಂತೆ ಹಿಡಿದಿಟ್ಟಿತ್ತು. ಯುದ್ಧ ಮುಗಿದ ಮೇಲೆ ಬೆಲೆಗಳು ಜಿಗಿದವು. ದೇಶಕ್ಕೆ ಬೇಕು ಅಂತ ಬಾಂಡ್ ಕೊಂಡವರಿಗೆ ವಾಪಸ್ ಬಂದ ಹಣದಲ್ಲಿ ಮೊದಲಿನಷ್ಟು ಸಾಮಾನು ಬರಲಿಲ್ಲ. ಅಷ್ಟರಮಟ್ಟಿಗೆ ಭಾರ ಹೊತ್ತವರು ಮೊಮ್ಮಕ್ಕಳಲ್ಲ, ಉಳಿತಾಯ ಮಾಡಿದ ಅಜ್ಜ ಅಜ್ಜಿಯರೇ.

ಬಡ್ಡಿ ದರ ಬೆಳವಣಿಗೆ ದರಕ್ಕಿಂತ ಕಡಿಮೆ ಇದ್ದರೆ ನನ್ನ ದ್ವೀಪದ ಕಾಗದವನ್ನು ಕೈಯಿಂದ ಕೈಗೆ ದಾಟಿಸುತ್ತಲೇ ಇರಬಹುದು, ಯಾರೂ ತೆರಿಗೆ ಕಟ್ಟಬೇಕಾಗಿಲ್ಲ. 2019ರ ಜನವರಿಯಲ್ಲಿ ಒಲಿವಿಯೆ ಬ್ಲಾಂಶಾರ್ ಇದನ್ನೇ ಹೇಳಿ ದೊಡ್ಡ ಚರ್ಚೆ ಎಬ್ಬಿಸಿದರು. ಅಮೆರಿಕದ ಚರಿತ್ರೆಯಲ್ಲಿ ಬಡ್ಡಿ ಹೆಚ್ಚಾಗಿ ಬೆಳವಣಿಗೆಗಿಂತ ಕೆಳಗೇ ಇತ್ತು ಅಂತ ತೋರಿಸಿದರು. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದವರ ಬಾಯಲ್ಲಿ ಈ ಮಾತು ಕೇಳಿ ಹಲವರು ಹುಬ್ಬೇರಿಸಿದರು. ಸಾಲ ಎಷ್ಟಾದರೂ ಪರವಾಗಿಲ್ಲ ಅಂತ ಅವರು ಹೇಳಿರಲಿಲ್ಲ, ಅದನ್ನು ಮಾತ್ರ ಬಹಳ ಜನ ಓದಲಿಲ್ಲ. 2022ರಲ್ಲಿ ಬಹಳ ದೇಶಗಳಲ್ಲಿ ಬಡ್ಡಿ ಏರಿತು. ಯಾವ ಋತುವಿನಲ್ಲಿ ಕಿರಿಯಳು ‘ಈ ಕಾಗದ ನನಗೆ ಬೇಡ’ ಅನ್ನುತ್ತಾಳೋ, ಆ ಋತುವಿನಲ್ಲಿ ಕಾಗದ ಹಿಡಿದುಕೊಂಡವಳ ಗತಿ ಕಷ್ಟ.

ಪ್ರಶ್ನೆ: ನೋಟು ಮುದ್ರಿಸಿ ಸಾಲ ತೀರಿಸಿದರೆ ಯಾರಿಗೂ ತೊಂದರೆಯಿಲ್ಲವಲ್ಲ?

ಉತ್ತರ: ಜರ್ಮನಿಯಲ್ಲಿ 1923ರಲ್ಲಿ ಹಾಗೇ ನೋಟು ಮುದ್ರಿಸಿದರು. ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಮೊದಲ ಮಹಾಯುದ್ಧಕ್ಕೆಂದು ಜನರಿಂದ ಎತ್ತಿದ್ದ ಸಾಲವೆಲ್ಲ ಒಂದು ಬ್ರೆಡ್ಡಿನ ಬೆಲೆಗೂ ಬಾಳದಂತಾಯಿತು. ಮಕ್ಕಳ ಮೇಲೆ ಸಾಲ ಉಳಿಯಲಿಲ್ಲ, ನಿಜ. ಅಪ್ಪ ಅಮ್ಮಂದಿರ ಉಳಿತಾಯವೂ ಉಳಿಯಲಿಲ್ಲ.

ಪ್ರಶ್ನೆ: ಸರ್ಕಾರ ಸಾಲ ಮಾಡಿದಷ್ಟೂ ನಾನು ಮಕ್ಕಳ ಹೆಸರಲ್ಲಿ ಜಾಸ್ತಿ ಉಳಿಸುತ್ತೇನೆ. ಎಲ್ಲರೂ ಹೀಗೆ ಮಾಡಿದರೆ ಸಮಸ್ಯೆಯೇ ಇಲ್ಲ ಅಲ್ವಾ?

ಉತ್ತರ: ನೀವು ಗೊತ್ತಿಲ್ಲದೆಯೇ ರಾಬರ್ಟ್ ಬ್ಯಾರೊ ಅವರ 1974ರ ಲೇಖನ ಬರೆದಿದ್ದೀರಿ! ಈಗ ನನ್ನ ದ್ವೀಪದ ಅಜ್ಜಿ, ಅಮ್ಮ, ಮಗಳ ಸಂಬಂಧ ನೆನಪಿಸಿಕೊಳ್ಳಿ. ಅಜ್ಜಿಗೆ 10 ಬುಟ್ಟಿ ಜಾಸ್ತಿ ಬಂತು. ‘ಇದರ ತೆರಿಗೆ ಮುಂದೆ ನನ್ನ ಮೊಮ್ಮಗಳ ಮೇಲೆ ಬೀಳುತ್ತೆ’ ಅಂತ ಅವಳಿಗೆ ಗೊತ್ತು. ಅವಳು ಆ 10 ಬುಟ್ಟಿಯನ್ನು ಅಮ್ಮನಿಗೇ ವಾಪಸ್ ಕೊಡುತ್ತಾಳೆ. ಅಮ್ಮ ಆ ಕಾಗದವನ್ನು ಮಾರುವ ಬದಲು ಮಗಳಿಗೆ ಸುಮ್ಮನೆ ಬಿಟ್ಟುಹೋಗುತ್ತಾಳೆ. ಮಗಳು ಅದರಲ್ಲೇ ತೆರಿಗೆ ಕಟ್ಟುತ್ತಾಳೆ. ಎಲ್ಲರೂ 200 ತಿಂದರು. ಸರ್ಕಾರ ಮಾಡಿದ್ದನ್ನು ಕುಟುಂಬ ಅಳಿಸಿಹಾಕಿತು.

ಇದರ ಬೀಜ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1820ರಲ್ಲಿ ಬರೆದ ಒಂದು ಪ್ರಬಂಧದಲ್ಲಿದೆ. ಯುದ್ಧಕ್ಕೆ 2 ಕೋಟಿ ಪೌಂಡ್ ಬೇಕು. ಒಂದೇ ಸಲ ತೆರಿಗೆ ಹಾಕಿದರೂ ಒಂದೇ, ಸಾಲ ಮಾಡಿ 5%ರಂತೆ ವರ್ಷಕ್ಕೆ 10 ಲಕ್ಷ ಬಡ್ಡಿ ಕಟ್ಟುತ್ತಾ ಹೋದರೂ ಒಂದೇ, ಲೆಕ್ಕದಲ್ಲಿ ವ್ಯತ್ಯಾಸವಿಲ್ಲ ಎಂದರು. ಮುಂದಿನ ಸಾಲಿನಲ್ಲೇ ಜನ ಹೀಗೆ ಲೆಕ್ಕ ಹಾಕುವುದಿಲ್ಲ ಅಂತಲೂ ಹೇಳಿದರು. ಈಗ ಈ ವಾದಕ್ಕೆ ರಿಕಾರ್ಡೊ ಹೆಸರೇ ಅಂಟಿದೆ. ಆತನೇ ನಂಬದ ವಾದಕ್ಕೆ ಆತನದೇ ಹೆಸರು!

ನಿಮ್ಮಂಥವರು ಇದ್ದಾರೆ. ಆದರೆ ಮಕ್ಕಳಿಲ್ಲದವರಿದ್ದಾರೆ, ಮಕ್ಕಳಿದ್ದೂ ಉಳಿಸಲು ಏನೂ ಇಲ್ಲದವರಿದ್ದಾರೆ, ಸರ್ಕಾರ ಎಷ್ಟು ಸಾಲ ಮಾಡಿದೆ ಅಂತ ಒಂದು ದಿನವೂ ನೋಡದವರೇ ಜಾಸ್ತಿ. 1988ರಲ್ಲಿ ಬರ್ನ್‌ಹೈಮ್ ಮತ್ತು ಬ್ಯಾಗ್‌ವೆಲ್ ಎಂಬಿಬ್ಬರು ಬ್ಯಾರೊ ವಾದವನ್ನು ಕೊನೆಯವರೆಗೂ ಎಳೆದು ತೋರಿಸಿದರು. ನನ್ನ ಮಗ ನಿಮ್ಮ ಮಗಳನ್ನು ಮದುವೆಯಾದರೆ ನಮ್ಮಿಬ್ಬರಿಗೂ ಒಬ್ಬನೇ ಮೊಮ್ಮಗ. ಹೀಗೆ ಹೆಣೆಯುತ್ತಾ ಹೋದರೆ ಎಲ್ಲರಿಗೂ ಎಲ್ಲರೂ ನೆಂಟರು. ಆಗ ಸಾಲವೊಂದೇ ಏಕೆ, ಯಾವ ತೆರಿಗೆ, ಯಾವ ಬೆಲೆ ಬದಲಾದರೂ ಏನೂ ಆಗುವುದಿಲ್ಲ ಅಂತ ಒಪ್ಪಬೇಕಾಗುತ್ತದೆ. ಇದು ಅಸಂಬದ್ಧ ಅಂತ ತೋರಿಸುವುದೇ ಅವರ ಉದ್ದೇಶ. ಅರ್ಥಶಾಸ್ತ್ರದ ಪತ್ರಿಕೆಗಳಲ್ಲಿ ನಗು ಬರಿಸುವ ಲೇಖನ ಅಪರೂಪ, ಇದು ಅಂಥದ್ದರಲ್ಲೊಂದು.

ನಿಮ್ಮ ಉಳಿತಾಯ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಹೊರದೇಶಕ್ಕೆ ಕೊಡಬೇಕಾದ ಸಾಲಕ್ಕೂ ಇದೇ ಲೆಕ್ಕವೇ?

ಉತ್ತರ: ಇಲ್ಲ. ಅಲ್ಲಿ ಬಲಗೈ ನಮ್ಮದು, ಎಡಗೈ ಬೇರೆಯವರದು. ಬಡ್ಡಿ ಕಟ್ಟಲು ನಮ್ಮ ಸರಕು ಹೊರಗೆ ಹೋಗಬೇಕು. ಲರ್ನರ್ ಕೂಡ ಇದನ್ನು ಒಪ್ಪಿದ್ದರು.

ಎರಡನೇ ಮಹಾಯುದ್ಧ ಮುಗಿದ ಕೂಡಲೇ ಬ್ರಿಟನ್ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ತಂದಿತು, ಬಡ್ಡಿ 2%. ಕೊನೇ ಕಂತು ಕಟ್ಟಿದ್ದು 2006ರ ಡಿಸೆಂಬರಿನಲ್ಲಿ. ಸಾಲ ತಂದಾಗ ಹುಟ್ಟಿದ ಮಗು ಅಷ್ಟರಲ್ಲಿ ಅರವತ್ತು ದಾಟಿತ್ತು. ಆದರೂ ಆ ಸಾಲದಿಂದ ಅಂದು ಹಡಗಿನಲ್ಲಿ ಸಾಮಾನು ಬಂದಿತ್ತು, ದೇಶ ಚೇತರಿಸಿಕೊಂಡಿತು. ಕಟ್ಟಿದ್ದಕ್ಕೆ ಅರ್ಥವಿತ್ತು.

ಹೈಟಿಯ ಕತೆ ಬೇರೆ. ಅಲ್ಲಿ ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸಿನ ರಾಜ ಯುದ್ಧನೌಕೆ ಕಳಿಸಿ, ‘ನಿಮ್ಮನ್ನು ಸ್ವತಂತ್ರ ದೇಶ ಅಂತ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ’ ಅಂದ. ಯಾರಿಗೆ? ಗುಲಾಮರನ್ನೂ ತೋಟಗಳನ್ನೂ ಕಳೆದುಕೊಂಡ ಹಳೇ ಮಾಲೀಕರಿಗೆ ಪರಿಹಾರವಾಗಿ! ಮೊದಲ ಕಂತು 3 ಕೋಟಿ. ಅದನ್ನು ಕಟ್ಟಲು ಹೈಟಿ ಪ್ಯಾರಿಸ್ಸಿನಲ್ಲೇ ಸಾಲ ಎತ್ತಿತು. 3 ಕೋಟಿಗೆ ಬರೆದುಕೊಟ್ಟು ಕೈಗೆ ಸಿಕ್ಕಿದ್ದು 2.4 ಕೋಟಿ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಇದಕ್ಕಾಗಿ ಮಾಡಿದ ಸಾಲಗಳ ಬಾಲ ಕಡಿದದ್ದು 1947ರಲ್ಲಿ.

ಸಾಲದಿಂದ ಒಂದು ಸೇತುವೆ ಬರಲಿಲ್ಲ, ಒಂದು ಶಾಲೆ ಬರಲಿಲ್ಲ, ಯಾರೂ ಒಂದು ಹೊತ್ತು ಜಾಸ್ತಿ ಉಣ್ಣಲಿಲ್ಲ. ಮುಂದಿನ ಪೀಳಿಗೆಗೆ ಹೊರೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ದೇಶದ ಹೆಸರು. ಅದರ ಮುಂದೆ ಮೇಲಿನ ಪಂಡಿತರ ಜಗಳವೆಲ್ಲ ಸ್ವಲ್ಪ ಸಣ್ಣದಾಗಿ ಕಾಣುತ್ತದೆ.

ಪ್ರಶ್ನೆ: ಸಾಲ ಜಿಡಿಪಿಯ 90% ದಾಟಿದರೆ ದೇಶದ ಬೆಳವಣಿಗೆ ಬಿದ್ದುಹೋಗುತ್ತದೆ ಅಂತ ಓದಿದ್ದೆ. ನಿಜವೇ?

ಉತ್ತರ: ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಇಬ್ಬರೂ 2010ರಲ್ಲಿ ಬರೆದದ್ದು ಅದು. 90% ದಾಟಿದ ಶ್ರೀಮಂತ ದೇಶಗಳ ಬೆಳವಣಿಗೆ ಸರಾಸರಿ −0.1% ಅಂತ ಅವರ ಲೆಕ್ಕ. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆ ತರಿಸಿ ನೋಡಿದ. ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಆತನೂ ಅವನ ಇಬ್ಬರು ಪ್ರಾಧ್ಯಾಪಕರೂ ಅದನ್ನೂ ಇನ್ನೆರಡು ದೋಷಗಳನ್ನೂ ಸರಿಮಾಡಿದಾಗ −0.1% ಹೋಗಿ 2.2% ಬಂತು. ಸಾಲ ಜಾಸ್ತಿ ಇದ್ದ ಕಡೆ ಬೆಳವಣಿಗೆ ಸ್ವಲ್ಪ ನಿಧಾನ ಅನ್ನುವುದು ಉಳಿಯಿತು, ಪ್ರಪಾತ ಉಳಿಯಲಿಲ್ಲ. ಸಾಲದಿಂದ ಬೆಳವಣಿಗೆ ಕುಂಟಿತೋ, ಬೆಳವಣಿಗೆ ಕುಂಟಿದ್ದಕ್ಕೆ ಸಾಲ ಏರಿತೋ ಅನ್ನುವ ಜಗಳ ಬೇರೆ ಇದೆ. ಜಪಾನಿನ ಸರ್ಕಾರದ ಸಾಲ ಜಿಡಿಪಿಯ ಎರಡು ಪಟ್ಟು ದಾಟಿ ಎಷ್ಟೋ ವರ್ಷವಾಯಿತು. ಅದರಲ್ಲಿ ಬಹುಪಾಲು ಜಪಾನಿನವರ ಕೈಯಲ್ಲೇ ಇದೆ. 90 ಅನ್ನುವ ಅಂಕಿಗೆ ಮಂತ್ರಶಕ್ತಿ ಏನೂ ಇಲ್ಲ.

ಪ್ರಶ್ನೆ: ಸತ್ತುಹೋದವರು ಮಾಡಿದ ಸಾಲವನ್ನು ಬದುಕಿರುವವರು ಯಾಕೆ ತೀರಿಸಬೇಕು? ಇದು ನ್ಯಾಯವೇ? ಸಿಟ್ಟಿನಿಂದ ಕೇಳುತ್ತಿದ್ದೇನೆ.

ಉತ್ತರ: ಸಿಟ್ಟು ಸರಿಯೇ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್‌ಗೂ ಈ ಸಿಟ್ಟು ಬಂದಿತ್ತು. 1789ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಿಂದ ಗೆಳೆಯ ಜೇಮ್ಸ್ ಮ್ಯಾಡಿಸನ್‌ಗೆ ಬರೆದ ಪತ್ರದಲ್ಲಿ ಭೂಮಿ ಬದುಕಿರುವವರದು ಎಂದ. ಆಗಿನ ಸಾವಿನ ಲೆಕ್ಕಗಳನ್ನಿಟ್ಟುಕೊಂಡು ಒಂದು ಪೀಳಿಗೆಗೆ 19 ವರ್ಷ ಅಂತ ಗುಣಾಕಾರ ಮಾಡಿ, ಅದಕ್ಕಿಂತ ಉದ್ದದ ಸಾಲ ಯಾವ ದೇಶವೂ ಮಾಡಬಾರದು ಎಂದ. ಮ್ಯಾಡಿಸನ್ ಒಪ್ಪಲಿಲ್ಲ. ಕೆಲವು ಸಾಲಗಳ ಲಾಭ ಮುಂದಿನವರಿಗೇ ಹೋಗುತ್ತದಲ್ಲ ಅನ್ನುವುದು ಅವನ ಉತ್ತರ.

ಮ್ಯಾಡಿಸನ್ ಪರವಾಗಿ ನಾನೊಂದು ಸಾಕ್ಷಿ ಕೊಡುತ್ತೇನೆ. 1648ರಲ್ಲಿ ನೆದರ್ಲೆಂಡ್ಸಿನ ಲೆಕ್ ನದಿಯ ಒಡ್ಡು ನೋಡಿಕೊಳ್ಳುವ ಮಂಡಳಿ 1,000 ಗಿಲ್ಡರ್ ಸಾಲ ಎತ್ತಿತು. ಪತ್ರ ಬರೆದದ್ದು ಚರ್ಮದ ಮೇಲೆ. ತೀರಿಸುವ ದಿನಾಂಕವೇ ಇಲ್ಲ, ಪತ್ರ ತಂದವರಿಗೆ ಬಡ್ಡಿ ಕೊಡುತ್ತಿರಬೇಕು. ಕೊಟ್ಟಾಗೆಲ್ಲ ಚರ್ಮದ ಮೇಲೇ ಗುರುತು ಹಾಕುತ್ತಾ ಬಂದರು. ಜಾಗ ತುಂಬಿತು. 1944ರಲ್ಲಿ ಅದಕ್ಕೊಂದು ಕಾಗದ ಸೇರಿಸಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 2003ರಲ್ಲಿ ಅದನ್ನು ಕೊಂಡಿತು. 2015ರಲ್ಲಿ ಆ ಕಾಗದ ಹಿಡಿದುಕೊಂಡು ಹೋಗಿ 12 ವರ್ಷದ ಬಾಕಿ ಬಡ್ಡಿ 136.20 ಯೂರೋ ಪಡೆದು ಬಂದರು. ಸಾಲ ಮಾಡಿದವರು ಸತ್ತು ಮುನ್ನೂರು ವರ್ಷ ಕಳೆದಿತ್ತು. ಇವತ್ತಿನವರು ಯಾಕೆ ಕಟ್ಟಬೇಕು ಅಂತ ಕೇಳಬಹುದು. ನದಿ ಇನ್ನೂ ಅಲ್ಲೇ ಇದೆ, ನೀರು ಕಾಯುವ ಮಂಡಳಿಯೂ ಇದೆ.

ಪ್ರಶ್ನೆ: ಬಾಂಡ್ ಮಾತ್ರ ಸಾಲವೇ? ಪಿಂಚಣಿಯೂ ಮುಂದಿನವರ ಮೇಲಿನ ಹೊರೆಯಲ್ಲವೇ? (ನಾನೂ ಪಿಂಚಣಿದಾರ, ಬೈಯಬೇಡಿ.)

ಉತ್ತರ: ನಾನೂ ಪಿಂಚಣಿಯಲ್ಲೇ ಇರುವವಳು, ಯಾಕೆ ಬೈಯಲಿ! ದುಡಿಯುವವರಿಂದ ಪಡೆದು ಹಿರಿಯರಿಗೆ ಕೊಡುವ ಪಿಂಚಣಿ ನನ್ನ ದ್ವೀಪದ ಲೆಕ್ಕವೇ, ಕಾಗದವೊಂದಿಲ್ಲ ಅಷ್ಟೆ. ಕಾಗದದ ಜಾಗದಲ್ಲಿ ಮಾತಿದೆ: ‘ನೀನು ಈಗ ಕೊಡು, ನಿನಗೆ ವಯಸ್ಸಾದಾಗ ಇನ್ನೊಬ್ಬರು ಕೊಡುತ್ತಾರೆ.’ ಸರ್ಕಾರದ ಸಾಲದ ಪಟ್ಟಿಯಲ್ಲಿ ಇದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಅದಕ್ಕೇ ಲಾರೆನ್ಸ್ ಕಾಟ್ಲಿಕಾಫ್ ಎಂಬ ಅರ್ಥಶಾಸ್ತ್ರಜ್ಞ, ಸಾಲದ ಅಂಕಿ ಬಿಡಿ, ಯಾವ ವರ್ಷ ಹುಟ್ಟಿದವರು ಜೀವಮಾನದಲ್ಲಿ ಎಷ್ಟು ಕಟ್ಟುತ್ತಾರೆ, ಎಷ್ಟು ಪಡೆಯುತ್ತಾರೆ ಅಂತ ಲೆಕ್ಕ ಇಡಿ ಎಂದು ಮೂರು ದಶಕದಿಂದ ಹೇಳುತ್ತಿದ್ದಾರೆ. ಉದ್ದುದ್ದ ಕೂಡಿ ಅಂದೆನಲ್ಲ, ಅದೇ.

ಇಲ್ಲೂ ಮೊದಲ ಅಜ್ಜಿಗೆ ಲಾಭ. ನನ್ನ ದ್ವೀಪದ ಅಜ್ಜಿ ಕಲ್ಪನೆಯವಳು, ಆದರೆ ನಿಜವಾದ ಒಬ್ಬಳಿದ್ದಾಳೆ. ಅಮೆರಿಕದ ವರ್ಮಾಂಟಿನ ಐಡಾ ಮೇ ಫುಲ್ಲರ್. ಅಲ್ಲಿನ ಸಾಮಾಜಿಕ ಭದ್ರತಾ ಯೋಜನೆಗೆ ಆಕೆ ಮೂರು ವರ್ಷ ಕಟ್ಟಿದ ಹಣ ಒಟ್ಟು 24.75 ಡಾಲರ್. 1940ರ ಜನವರಿ 31ರಂದು ದೇಶದ ಮೊಟ್ಟಮೊದಲ ತಿಂಗಳ ಪಿಂಚಣಿ ಚೆಕ್ ಆಕೆಯ ಹೆಸರಿಗೇ ಬಂತು, 22.54 ಡಾಲರ್. ಎರಡನೇ ಚೆಕ್ಕಿಗೆ ಅಸಲು ವಸೂಲಾಯಿತು. ಆಕೆ ನೂರು ವರ್ಷ ಬದುಕಿ 1975ರಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಪಡೆದದ್ದು ಒಟ್ಟು 22,888.92 ಡಾಲರ್.